ಎರಡನೇ ಡೊಮೇನ್ ಕಂಟ್ರೋಲರ್‌ನಲ್ಲಿ ಡಿಎನ್‌ಎಸ್ ಎರರ್: ಪದೇ ಪದೇ ಕೇಳುವ ಪ್ರಶ್ನೆಗಳು

ಇಲ್ಲಿ ಹೇಳಿರುವುದು ವಿಂಡೋಸ್ ಸರ್ವರ್ 2012 ಮತ್ತು ಅದರ ಈಚಿನ ಆವೃತ್ತಿಗಳಿಗೆ. ಉತ್ತರಗಳು ಸುಲಭವಾಗಲಿ ಅಂತ ಒಂದು ಕಂಪನಿಯನ್ನು ಕಲ್ಪಿಸಿಕೊಳ್ಳೋಣ. ಬೆಂಗಳೂರಿನ ಹೆಡ್ ಆಫೀಸಿನಲ್ಲಿ ಡಿಸಿ1 ಅನ್ನುವ ಡೊಮೇನ್ ಕಂಟ್ರೋಲರ್ (ಲಾಗಿನ್, ಅಕೌಂಟು ನೋಡಿಕೊಳ್ಳುವ ಸರ್ವರ್) ಇದೆ, ಐಪಿ 192.168.10.11. ಹುಬ್ಬಳ್ಳಿ ಬ್ರಾಂಚಿನಲ್ಲಿ ಡಿಸಿ2, ಐಪಿ 192.168.20.11. ಮಧ್ಯೆ ವಿಪಿಎನ್. ಎರಡರಲ್ಲೂ ಡಿಎನ್‌ಎಸ್ (ಹೆಸರು ಕೊಟ್ಟರೆ ಐಪಿ ಹೇಳುವ ಸರ್ವಿಸ್) ಓಡುತ್ತಿದೆ, ಝೋನ್, ಅಂದರೆ ಆ ಹೆಸರುಗಳ ಪಟ್ಟಿ, ಇರುವುದು ಆಕ್ಟಿವ್ ಡೈರೆಕ್ಟರಿ ಅನ್ನುವ ಅಕೌಂಟುಗಳ ಡೇಟಾಬೇಸಿನ ಒಳಗೆ. ಡಿಸಿ2ರಲ್ಲಿ ಕೆಂಪು ಗುರುತು ಕಂಡ ತಕ್ಷಣ ಎಲ್ಲರೂ ಡಿಎನ್‌ಎಸ್ ಸರ್ವಿಸನ್ನೇ ಬೈಯುತ್ತಾರೆ, ಪಾಪ. ಜಾಸ್ತಿ ಸಲ ಅದು ಬರೀ ದೂರು ಹೇಳುತ್ತಿರುತ್ತದೆ, ಕೆಟ್ಟಿರುವುದು ರೆಪ್ಲಿಕೇಶನ್ (ಒಂದು ಸರ್ವರ್‌ನ ಬದಲಾವಣೆ ಇನ್ನೊಂದಕ್ಕೆ ಕಾಪಿ ಆಗುವುದು), ಪಾಸ್‌ವರ್ಡ್, ಗಡಿಯಾರ ಅಥವಾ ನೆಟ್‌ವರ್ಕ್ ಸೆಟ್ಟಿಂಗ್.

ಎರರ್ ಬಂದಿದೆ. ಎಲ್ಲಿಂದ ಶುರು ಮಾಡಲಿ?

ಇವೆಂಟ್ ವ್ಯೂವರ್ ತೆಗೆಯಿರಿ. ಡಿಎನ್‌ಎಸ್ ಸರ್ವರ್ ಲಾಗ್ ಒಂದನ್ನೇ ನೋಡಿ ಮುಚ್ಚಬೇಡಿ. ಡೈರೆಕ್ಟರಿ ಸರ್ವಿಸ್, ಡಿಎಫ್‌ಎಸ್ ರೆಪ್ಲಿಕೇಶನ್, ಸಿಸ್ಟಮ್ ಈ ಮೂರು ಲಾಗನ್ನೂ ಸಮಯದ ಪ್ರಕಾರ ಪಕ್ಕಪಕ್ಕ ಇಟ್ಟು ಓದಿ. ನಿಮಗೆ ಬೇಕಿರುವುದು ಎಲ್ಲಕ್ಕಿಂತ ಮೊದಲು ಬಂದ ಎರರ್. ಆಮೇಲಿನವು ಅದರ ಹಿಂದೆ ಬಂದ ಮೆರವಣಿಗೆ ಅಷ್ಟೇ.

ಆಮೇಲೆ ಡಿಸಿ2ರಲ್ಲಿ ಅಡ್ಮಿನ್ ಆಗಿ ಕಮಾಂಡ್ ಪ್ರಾಂಪ್ಟ್ ತೆಗೆದು 'ರೆಪ್‌ಅಡ್ಮಿನ್ /ಶೋರೆಪ್ಲ್' ಕೊಡಿ. ಪ್ರತಿ ಪಾರ್ಟಿಶನ್ (ಡೈರೆಕ್ಟರಿಯ ಒಂದು ಭಾಗ) ಕೆಳಗೆ ಕೊನೆಯ ಪ್ರಯತ್ನ ಯಾವಾಗ ಆಯಿತು, ಕೊನೆಯ ಸಲ ಸರಿಯಾಗಿ ಬಂದದ್ದು ಯಾವಾಗ ಅಂತ ತೋರಿಸುತ್ತದೆ. ಕೊನೆಯ ಸಲ ಸರಿಯಾಗಿ ಬಂದ ಆ ತಾರೀಖನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಅವತ್ತು ಏನಾಯಿತು ಅಂತ ಆಫೀಸಿನಲ್ಲಿ ವಿಚಾರಿಸಿ. ಫೈರ್‌ವಾಲ್ ಬದಲಾಯಿಸಿದ್ದರು, ಬ್ಯಾಕಪ್‌ನಿಂದ ರಿಸ್ಟೋರ್ ಮಾಡಿದ್ದರು, ಕರೆಂಟ್ ಹೋಗಿತ್ತು, ಹೀಗೆ ಏನೋ ಒಂದು ಇದ್ದೇ ಇರುತ್ತದೆ. ಜೊತೆಗೆ 'ಡಿಸಿಡಯಾಗ್ /ಟೆಸ್ಟ್:ಡಿಎನ್‌ಎಸ್ /ವಿ' ಕೊಟ್ಟು ಫಲಿತಾಂಶವನ್ನು ಫೈಲಿಗೆ ಹಾಕಿಕೊಳ್ಳಿ, ಅದು ಉದ್ದ ಇರುತ್ತದೆ, ಸ್ಕ್ರೀನ್ ಮೇಲೆ ಓದಲು ಆಗುವುದಿಲ್ಲ.

ಇಷ್ಟು ಮಾಡುವ ಮುಂಚೆ ಸುಮ್ನೆ ರೀಸ್ಟಾರ್ಟ್ ಹೊಡೆಯಬೇಡಿ. ಒಂದು ರೀಸ್ಟಾರ್ಟ್ ಅಂದರೆ ಲಾಗಿನಲ್ಲಿ ಇನ್ನಷ್ಟು ಎರರ್, ಯಾವುದು ಮೊದಲಿನದು ಅಂತ ಗೊತ್ತೇ ಆಗುವುದಿಲ್ಲ.

ಇವೆಂಟ್ 4013 ಬರುತ್ತಿದೆ. ಗಾಬರಿ ಆಗಬೇಕಾ?

ಒಂದೇ ಸಲ, ಬೂಟ್ ಆದಾಗ ಮಾತ್ರ ಬಂದಿದ್ದರೆ ಬೇಡ. 4013 ಹೇಳುವುದು ಇಷ್ಟೇ: 'ಆಕ್ಟಿವ್ ಡೈರೆಕ್ಟರಿ ಮೊದಲ ಸಿಂಕ್ ಮುಗಿಸಲಿ ಅಂತ ಕಾಯುತ್ತಿದ್ದೇನೆ.' ಝೋನ್ ಇರುವುದು ಡೈರೆಕ್ಟರಿಯೊಳಗೆ, ಹಾಗಾಗಿ ಡೈರೆಕ್ಟರಿ ತಯಾರಾಗುವವರೆಗೆ ಡಿಎನ್‌ಎಸ್ ಬಾಯಿ ಬಿಡುವುದಿಲ್ಲ. ಸ್ವಲ್ಪ ಹೊತ್ತಿನ ನಂತರ ಇವೆಂಟ್ 4, ಅಂದರೆ ಎಲ್ಲ ಝೋನ್ ಲೋಡ್ ಆಯಿತು ಅನ್ನುವ ಸಂದೇಶ ಬಂದಿದ್ದರೆ ಕಥೆ ಮುಗಿಯಿತು.

4013 ಮೇಲಿಂದ ಮೇಲೆ ಬಂದರೆ ಮಾತ್ರ ಡಿಸಿ2 ಸಿಕ್ಕಿಹಾಕಿಕೊಂಡಿದೆ. ಸಿಂಕ್ ಮಾಡಲು ಡಿಸಿ1 ಎಲ್ಲಿದೆ ಅಂತ ಗೊತ್ತಾಗಬೇಕು, ಅದು ಗೊತ್ತಾಗಲು ಡಿಎನ್‌ಎಸ್ ಬೇಕು, ಡಿಎನ್‌ಎಸ್ ಎದ್ದೇಳಲು ಸಿಂಕ್ ಆಗಬೇಕು. ಹುಬ್ಬಳ್ಳಿಯಲ್ಲಿ ಕರೆಂಟ್ ಹೋಗಿ ಬಂತು ಅನ್ನಿ. ಸರ್ವರ್ ಮೊದಲು ಎದ್ದಿತು, ರೂಟರ್ ಮತ್ತು ವಿಪಿಎನ್ ಎದ್ದದ್ದು ಆಮೇಲೆ. ಆ ನಡುವಿನ ಹೊತ್ತಿನಲ್ಲಿ ಡಿಸಿ2ಕ್ಕೆ ಡಿಸಿ1 ಸಿಗಲೇ ಇಲ್ಲ. ಇದಕ್ಕೆ ರಿಜಿಸ್ಟ್ರಿ ಬೇಡ, ರೂಟರಿಗೂ ಯುಪಿಎಸ್ ಕೊಡಿ. ಡಿಸಿ2 ವರ್ಚುವಲ್ ಮಷೀನ್ ಆಗಿದ್ದರೆ ಅದರ ಆಟೊಮ್ಯಾಟಿಕ್ ಸ್ಟಾರ್ಟ್‌ಗೆ ಕೆಲವು ನಿಮಿಷ ತಡ ಇಡಿ.

'ರೆಪ್ಲ್ ಪರ್ಫಾರ್ಮ್ ಇನಿಶಿಯಲ್ ಸಿಂಕ್ರೊನೈಸೇಶನ್ಸ್' ಅನ್ನುವ ರಿಜಿಸ್ಟ್ರಿ ವ್ಯಾಲ್ಯೂ 0 ಮಾಡಿ ಅಂತ ಯಾರಾದರೂ ಹೇಳೇ ಹೇಳುತ್ತಾರೆ. ಅದು ಕಾಯುವುದನ್ನು ನಿಲ್ಲಿಸುತ್ತದೆ, ನಿಜ. ಆದರೆ ಹಳೆಯ ಮಾಹಿತಿ ಇಟ್ಟುಕೊಂಡೇ ಸರ್ವರ್ ಕೆಲಸಕ್ಕೆ ಇಳಿಯುತ್ತದೆ. ಡಿಸಿ1 ಪೂರ್ತಿ ಸತ್ತು ಡಿಸಿ2 ಒಂದನ್ನೇ ಎಬ್ಬಿಸಬೇಕಾದ ತುರ್ತಿಗೆ ಅದು ಸರಿ. ಖಾಯಂ ಆಗಿ ಇಡಬೇಡಿ, ಕೆಲಸ ಮುಗಿದ ಮೇಲೆ ವಾಪಸ್ 1 ಮಾಡಿ.

ಡಿಸಿ2ರ ನೆಟ್‌ವರ್ಕ್ ಕಾರ್ಡಿನಲ್ಲಿ ಯಾವ ಡಿಎನ್‌ಎಸ್ ಹಾಕಬೇಕು?

ಪ್ರಿಫರ್ಡ್ ಜಾಗದಲ್ಲಿ 192.168.10.11, ಅಂದರೆ ಡಿಸಿ1. ಆಲ್ಟರ್ನೇಟ್ ಜಾಗದಲ್ಲಿ 127.0.0.1, ಅಂದರೆ ಡಿಸಿ2 ತನ್ನನ್ನೇ ಕೇಳಿಕೊಳ್ಳುವ ಲೂಪ್‌ಬ್ಯಾಕ್ ವಿಳಾಸ. ಅಷ್ಟೇ. ಮೈಕ್ರೋಸಾಫ್ಟ್‌ನ ಬೆಸ್ಟ್ ಪ್ರಾಕ್ಟೀಸಸ್ ಅನಲೈಜರ್ ಕೂಡ ಇದನ್ನೇ ಹೇಳುತ್ತದೆ: ಲೂಪ್‌ಬ್ಯಾಕ್ ವಿಳಾಸ ಪಟ್ಟಿಯಲ್ಲಿ ಇರಲಿ, ಆದರೆ ಮೊದಲನೆಯದಾಗಿ ಬೇಡ.

ತನ್ನನ್ನೇ ಮೊದಲು ಕೇಳಿಕೊಳ್ಳುವ ಸರ್ವರ್, ತನ್ನ ಝೋನ್ ಹಳಸಿದ್ದರೂ ಅದನ್ನೇ ನಂಬುತ್ತದೆ. ಡಿಸಿ1ರ ಐಪಿ ಬದಲಾಯಿತು ಅನ್ನಿ. ಹೊಸ ರೆಕಾರ್ಡ್ ರೆಪ್ಲಿಕೇಶನ್ ಮೂಲಕ ಬರಬೇಕು. ರೆಪ್ಲಿಕೇಶನ್ ನಡೆಯಲು ಹೊಸ ಐಪಿ ಬೇಕು. ಡಿಸಿ2 ಒಂಟಿ ದ್ವೀಪ ಆಗಿಬಿಡುತ್ತದೆ.

8.8.8.8 ಅಥವಾ ಐಎಸ್‌ಪಿ ಕೊಟ್ಟ ಡಿಎನ್‌ಎಸ್ ಅನ್ನು 'ಒಂದು ಸೇಫ್ಟಿಗೆ' ಅಂತ ಮೂರನೇ ಜಾಗದಲ್ಲಿ ಹಾಕುವವರು ತುಂಬಾ ಜನ. ದಯವಿಟ್ಟು ಬೇಡ. ನಿಮ್ಮ ಡೊಮೇನ್ ಯಾವುದು ಅಂತ ಅದಕ್ಕೆ ಗೊತ್ತಿಲ್ಲ. ಒಂದು ಕ್ಷಣ ಡಿಸಿ1 ನಿಧಾನ ಆದರೂ ಸಾಕು, ಹೊರಗಿನ ಸರ್ವರ್ 'ಅಂಥ ಹೆಸರೇ ಇಲ್ಲ' ಅಂತ ಉತ್ತರ ಕೊಟ್ಟು ಕೂರುತ್ತದೆ. ಇಂಟರ್‌ನೆಟ್ ಹೆಸರುಗಳಿಗೆ ಹೊರಗಿನ ಡಿಎನ್‌ಎಸ್ ಬೇಕಾದರೆ ಅದರ ಜಾಗ ಡಿಎನ್‌ಎಸ್ ಮ್ಯಾನೇಜರ್‌ನ ಫಾರ್ವರ್ಡರ್ಸ್ ಟ್ಯಾಬ್.

ಡಿಸಿ2ರ ಡಿಎನ್‌ಎಸ್ ಕೆಟ್ಟಿದ್ದರೆ ಪಿಸಿಗಳು ತಾವೇ ಡಿಸಿ1ರ ಕಡೆ ಹೋಗುತ್ತವೆ ಅಲ್ವಾ?

ಪೂರ್ತಿ ನಿಂತಿದ್ದರೆ ಹೋಗುತ್ತವೆ. ತಪ್ಪು ಉತ್ತರ ಕೊಡುತ್ತಿದ್ದರೆ ಹೋಗುವುದಿಲ್ಲ. ಮೊದಲ ಸರ್ವರ್‌ನಿಂದ ಉತ್ತರವೇ ಬರದಿದ್ದಾಗ ವಿಂಡೋಸ್ ಎರಡನೆಯದನ್ನು ಕೇಳುತ್ತದೆ. 'ಇಲ್ಲ' ಅಂತ ಸ್ಪಷ್ಟ ಉತ್ತರ ಬಂದರೆ ಅದೂ ಉತ್ತರವೇ, ಅಲ್ಲಿಗೆ ಹುಡುಕಾಟ ನಿಲ್ಲುತ್ತದೆ. ಡಿಸಿ2ರಲ್ಲಿ ಝೋನ್ ಕಾಣದೇ ಹೋದರೆ ನಿಮ್ಮ ಒಳಗಿನ ಹೆಸರನ್ನೂ ಅದು ಇಂಟರ್‌ನೆಟ್ಟಿಗೆ ಕೇಳಲು ಕಳಿಸಬಹುದು, ಅಲ್ಲಿಂದ ಬರುವುದು ಅದೇ 'ಇಲ್ಲ'. ಹುಬ್ಬಳ್ಳಿಯವರು ಲಾಗಿನ್ ಆಗುತ್ತಿಲ್ಲ ಅಂತ ಫೋನ್ ಮೇಲೆ ಫೋನ್ ಮಾಡುತ್ತಿದ್ದರೆ, ರಿಪೇರಿ ಮುಗಿಯುವವರೆಗೆ ಡಿಸಿ2ರಲ್ಲಿ ಡಿಎನ್‌ಎಸ್ ಸರ್ವಿಸ್ ನಿಲ್ಲಿಸಿಬಿಡಿ. ಪಿಸಿಗಳಿಗೆ ಡಿಎಚ್‌ಸಿಪಿಯಲ್ಲಿ ಡಿಸಿ1 ಕೂಡ ಕೊಟ್ಟಿದ್ದರೆ ವಿಪಿಎನ್ ಮೇಲೆ ಸ್ವಲ್ಪ ನಿಧಾನವಾದರೂ ಕೆಲಸ ಸಾಗುತ್ತದೆ.

4000 ಮತ್ತು 4007 ಒಟ್ಟಿಗೆ ಬಂದಿವೆ, ಡಿಎನ್‌ಎಸ್ ಮ್ಯಾನೇಜರ್ ಖಾಲಿ. ಏನು ಮಾಡಲಿ?

ಇದು ನಿಜವಾದ ಕಾಯಿಲೆ. ಡಿಎನ್‌ಎಸ್ ತನ್ನದೇ ಮಷೀನಿನ ಆಕ್ಟಿವ್ ಡೈರೆಕ್ಟರಿಯನ್ನು ತೆರೆಯಲು ಹೋಗಿದೆ, ಬಾಗಿಲು ತೆರೆದಿಲ್ಲ. ಸಾಮಾನ್ಯ ಕಾರಣ ಕಂಪ್ಯೂಟರ್ ಅಕೌಂಟಿನ ಪಾಸ್‌ವರ್ಡ್ ತಾಳೆ ಆಗದೇ ಇರುವುದು. ಡೊಮೇನ್ ಕಂಟ್ರೋಲರ್‌ಗೂ ಒಂದು ಪಾಸ್‌ವರ್ಡ್ ಇದೆ, ಡೀಫಾಲ್ಟ್ ಆಗಿ 30 ದಿನಕ್ಕೊಮ್ಮೆ ಅದು ತಾನೇ ಬದಲಾಗುತ್ತದೆ. ಡಿಸಿ2 ಬಳಿ ಒಂದು, ಡಿಸಿ1 ಬಳಿ ಇನ್ನೊಂದು ಇದ್ದರೆ ಕೆರ್ಬೆರೋಸ್ (ಯಾರು ಯಾರು ಅಂತ ಗುರುತು ಪರೀಕ್ಷಿಸುವ ವ್ಯವಸ್ಥೆ) ಒಪ್ಪುವುದಿಲ್ಲ. ರೆಪ್‌ಅಡ್ಮಿನ್‌ನಲ್ಲಿ ಎರರ್ 5 ಅಥವಾ -2146893022 ಕಂಡರೆ ಅನುಮಾನ ಗಟ್ಟಿ ಮಾಡಿಕೊಳ್ಳಿ. ಎರಡನೆಯದರ ಅರ್ಥ ಟಾರ್ಗೆಟ್ ಪ್ರಿನ್ಸಿಪಲ್ ಹೆಸರು ತಪ್ಪು ಅಂತ.

ಮಾಡುವ ಕ್ರಮ ಹೀಗೆ. ಡಿಸಿ2ರ ನೆಟ್‌ವರ್ಕ್ ಕಾರ್ಡಿನಲ್ಲಿ ಡಿಎನ್‌ಎಸ್ ಆಗಿ ಡಿಸಿ1 ಒಂದನ್ನೇ ಇಡಿ. ಸರ್ವಿಸಸ್‌ಗೆ ಹೋಗಿ ಕೆರ್ಬೆರೋಸ್ ಕೀ ಡಿಸ್ಟ್ರಿಬ್ಯೂಶನ್ ಸೆಂಟರ್ ನಿಲ್ಲಿಸಿ, ಸ್ಟಾರ್ಟಪ್ ಅನ್ನು ಮ್ಯಾನುವಲ್ ಮಾಡಿ. ಹೀಗೆ ಮಾಡಿದರೆ ಡಿಸಿ2 ತನಗೆ ತಾನೇ ಟಿಕೆಟ್ ಕೊಟ್ಟುಕೊಳ್ಳುವುದಿಲ್ಲ, ಡಿಸಿ1ರ ಹತ್ತಿರವೇ ಕೇಳಬೇಕಾಗುತ್ತದೆ. ಆಮೇಲೆ ಡಿಸಿ2ರಲ್ಲೇ 'ನೆಟ್‌ಡಮ್ ರೀಸೆಟ್‌ಪಿಡಬ್ಲ್ಯುಡಿ' ಕೊಡಿ. ಅದರಲ್ಲಿ /ಸರ್ವರ್ ಅಂತ ಇರುವ ಕಡೆ ಸರಿಯಾಗಿರುವ ಸರ್ವರ್, ಅಂದರೆ ಪಿಡಿಸಿ ಎಮ್ಯುಲೇಟರ್ ಪಾತ್ರ ಇರುವ ಡಿಸಿ1ರ ಹೆಸರು ಬರಬೇಕು. /ಯೂಸರ್‌ಡಿ ಕಡೆ ಡೊಮೇನ್ ಅಡ್ಮಿನ್ ಹೆಸರು. /ಪಾಸ್‌ವರ್ಡ್‌ಡಿ ಕಡೆ ನಕ್ಷತ್ರದ ಗುರುತು ಹಾಕಿ, ಕಮಾಂಡ್ ತಾನೇ ಪಾಸ್‌ವರ್ಡ್ ಕೇಳುತ್ತದೆ. ಈ ಹೆಸರುಗಳನ್ನು ಅದಲು ಬದಲು ಮಾಡುವವರೇ ಜಾಸ್ತಿ, ಎಂಟರ್ ಒತ್ತುವ ಮುಂಚೆ ಇನ್ನೊಮ್ಮೆ ಓದಿ. ಸರಿ ಹೋದರೆ ಡಿಸಿ2 ರೀಸ್ಟಾರ್ಟ್ ಮಾಡಿ. ರೆಪ್ಲಿಕೇಶನ್ ಓಡುತ್ತಿದೆ ಅಂತ ನೋಡಿಕೊಂಡು ಕೀ ಡಿಸ್ಟ್ರಿಬ್ಯೂಶನ್ ಸೆಂಟರನ್ನು ಮತ್ತೆ ಆಟೊಮ್ಯಾಟಿಕ್ ಮಾಡಿ ಚಾಲೂ ಮಾಡಿ. ಈ ಕೊನೆಯ ಹೆಜ್ಜೆ ಮರೆತರೆ ಹುಬ್ಬಳ್ಳಿಯ ಲಾಗಿನ್‌ಗಳೆಲ್ಲ ವಿಪಿಎನ್ ದಾಟಿ ಬೆಂಗಳೂರಿಗೆ ಬರುತ್ತವೆ.

ಪಿಸಿಗಳಿಗೆ ಮಾಡುವ ಹಾಗೆ ಡೊಮೇನಿನಿಂದ ಹೊರಗೆ ತೆಗೆದು ಮತ್ತೆ ಸೇರಿಸಬಹುದಾ ಅಂತ ಕೇಳುತ್ತಾರೆ. ಡೊಮೇನ್ ಕಂಟ್ರೋಲರ್‌ಗೆ ಅದು ನಡೆಯುವುದಿಲ್ಲ.

ಝೋನ್ ಕಾಣುತ್ತಿಲ್ಲ. ಕೈಯಾರೆ ಹೊಸ ಝೋನ್ ಮಾಡಲಾ?

ಬೇಡ, ಬೇಡ. ಅದೇ ಹೆಸರಿನಲ್ಲಿ ಡಿಸಿ2ರಲ್ಲಿ ಖಾಲಿ ಝೋನ್ ಮಾಡಿದಿರಿ, ಆಮೇಲೆ ರೆಪ್ಲಿಕೇಶನ್ ಸರಿ ಹೋಯಿತು ಅನ್ನಿ. ಈಗ ಡೈರೆಕ್ಟರಿಯಲ್ಲಿ ಒಂದೇ ಹೆಸರಿನ ಎರಡು ವಸ್ತು. ಒಂದು ಉಳಿಯುತ್ತದೆ, ಇನ್ನೊಂದರ ಹೆಸರಿಗೆ 'ಸಿಎನ್‌ಎಫ್' ಅಂತ ಬಾಲ ಅಂಟಿಕೊಂಡು ಮೂಲೆಗೆ ಹೋಗುತ್ತದೆ. ಮೂಲೆಗೆ ಹೋಗುವುದು ನಿಮ್ಮ ನಿಜವಾದ ಝೋನ್ ಆಗಿದ್ದರೆ ಬೆಂಗಳೂರಿನಲ್ಲೂ ರೆಕಾರ್ಡುಗಳು ಮಾಯ. ಹುಬ್ಬಳ್ಳಿಯ ತೊಂದರೆ ಇಡೀ ಕಂಪನಿಗೆ ಹಬ್ಬುತ್ತದೆ. ಝೋನ್ ತಾನೇ ಬರಬೇಕು. ಬರಲಿಲ್ಲ ಅಂದರೆ ರೆಪ್ಲಿಕೇಶನ್ ರಿಪೇರಿ ಮಾಡಿ.

ಇದರದ್ದೇ ತಮ್ಮ ಇವೆಂಟ್ 4515. ಒಂದೇ ಝೋನಿನ ಕಾಪಿ ಎರಡು ಪಾರ್ಟಿಶನ್‌ಗಳಲ್ಲಿ ಸಿಕ್ಕಿತು ಅಂತ ಅದು ಹೇಳುತ್ತದೆ. ಅಳಿಸುವ ಮುಂಚೆ ಯಾವುದರಲ್ಲಿ ತಾಜಾ ರೆಕಾರ್ಡ್ ಇವೆ ಅಂತ ಎಡಿಎಸ್‌ಐ ಎಡಿಟ್ ಅನ್ನುವ ಟೂಲ್‌ನಲ್ಲಿ ನೋಡಿ, ಬ್ಯಾಕಪ್ ಇಟ್ಟುಕೊಂಡು ಮುಂದುವರಿಯಿರಿ.

4015ರಲ್ಲಿ 'ಕ್ರಿಟಿಕಲ್ ಎರರ್' ಅಂತಿದೆ, ಆದರೆ ವಿವರದ ಜಾಗ ಖಾಲಿ.

ಆ ಜಾಗ ಖಾಲಿ ಇರಬಹುದು ಅಂತ ಸಂದೇಶದಲ್ಲೇ ಬರೆದಿದೆ, ಓದಿ ನೋಡಿ! 4015 ಅಂದರೆ ಡೈರೆಕ್ಟರಿಯಿಂದ ಏನೋ ಕೆಟ್ಟ ಉತ್ತರ ಬಂತು, ಅಷ್ಟೇ. ಬೂಟ್ ಹೊತ್ತಿನಲ್ಲಿ ಒಂದು ಬಂದರೆ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ. ದಿನವಿಡೀ ಬರುತ್ತಿದ್ದರೆ ಡೈರೆಕ್ಟರಿ ಸರ್ವಿಸ್ ಲಾಗಿನಲ್ಲಿ ಅದೇ ನಿಮಿಷಕ್ಕೆ ಏನಿದೆ ನೋಡಿ. ಡಿಸ್ಕಿನಲ್ಲಿ ಜಾಗ ಇದೆಯಾ, ಆಂಟಿವೈರಸ್ ಡೈರೆಕ್ಟರಿಯ ಡೇಟಾಬೇಸ್ ಫೈಲನ್ನು ಸ್ಕ್ಯಾನ್ ಮಾಡುತ್ತಿದೆಯಾ ಅನ್ನುವುದನ್ನೂ ನೋಡಿ. ಆ ಫೋಲ್ಡರನ್ನು ಸ್ಕ್ಯಾನಿನಿಂದ ಬಿಡಿಸುವುದು ಮೈಕ್ರೋಸಾಫ್ಟ್ ಹೇಳುವ ಕ್ರಮವೇ.

ಎನ್‌ಎಸ್‌ಲುಕಪ್ ಹಾಕಿದರೆ 'ಡೀಫಾಲ್ಟ್ ಸರ್ವರ್: ಅನ್‌ನೋನ್, ಅಡ್ರೆಸ್: ::1' ಅಂತ ಬರುತ್ತದೆ.

ನೋಡಲು ಭಯ ಆಗುತ್ತದೆ, ಆದರೆ ಇದೊಂದರಿಂದಲೇ ಏನೂ ಕೆಟ್ಟಿಲ್ಲ. ::1 ಅಂದರೆ ಐಪಿವಿ6ರ ಲೂಪ್‌ಬ್ಯಾಕ್. ಅದಕ್ಕೆ ರಿವರ್ಸ್ ರೆಕಾರ್ಡ್ ಇಲ್ಲ, ಹಾಗಾಗಿ ಹೆಸರು ಗೊತ್ತಿಲ್ಲ ಅನ್ನುತ್ತದೆ. ಐಪಿವಿ6 ಸೆಟ್ಟಿಂಗ್‌ನಲ್ಲಿ ಡಿಎನ್‌ಎಸ್ ಅನ್ನು ಆಟೊಮ್ಯಾಟಿಕ್ ಮಾಡಿದರೆ ಸಾಮಾನ್ಯವಾಗಿ ಹೋಗುತ್ತದೆ. ಅದಕ್ಕಾಗಿ ಐಪಿವಿ6ರ ಟಿಕ್ ತೆಗೆಯುವುದು ಬೇಡ, ವಿಂಡೋಸ್ ಒಳಗೆ ಅದನ್ನು ಬಳಸುತ್ತದೆ.

2087 ಅಥವಾ ಎರರ್ 8524 ಬಂದರೆ?

ಡಿಎನ್‌ಎಸ್‌ನಲ್ಲಿ ಜೊತೆಗಾರ ಸರ್ವರ್ ಸಿಗಲಿಲ್ಲ ಅಂತ ಅರ್ಥ. ಡಿಸಿ2 ತನ್ನ ಜೊತೆಗಾರನನ್ನು ಹುಡುಕುವುದು 'ಡಿಸಿ1' ಅನ್ನುವ ಹೆಸರಿನಿಂದ ಅಲ್ಲ. ಪ್ರತಿ ಡೊಮೇನ್ ಕಂಟ್ರೋಲರ್‌ಗೂ ಒಂದು ಉದ್ದನೆಯ ಜಿಯುಐಡಿ (ಅದಕ್ಕೊಂದಕ್ಕೇ ಇರುವ ಗುರುತಿನ ಸಂಖ್ಯೆ) ಇದೆ, _ಎಂಎಸ್‌ಡಿಸಿಎಸ್ ಝೋನಿನಲ್ಲಿ ಆ ಜಿಯುಐಡಿಗೆ ಒಂದು ಸಿನೇಮ್ ರೆಕಾರ್ಡ್ (ಇನ್ನೊಂದು ಹೆಸರಿನ ಕಡೆ ಕೈ ತೋರಿಸುವ ರೆಕಾರ್ಡ್) ಇರುತ್ತದೆ. ಪಿಂಗ್ ಹೋಗುತ್ತದೆ, ಆದರೆ ರೆಪ್ಲಿಕೇಶನ್ ಆಗುವುದಿಲ್ಲ ಅನ್ನುವವರು ಈ ರೆಕಾರ್ಡನ್ನು ನೋಡಿರುವುದೇ ಇಲ್ಲ. ರೆಪ್‌ಅಡ್ಮಿನ್ ತೋರಿಸುವ ಡಿಎಸ್‌ಎ ಆಬ್ಜೆಕ್ಟ್ ಜಿಯುಐಡಿಯನ್ನು ಕಾಪಿ ಮಾಡಿ, ಮುಂದೆ _ಎಂಎಸ್‌ಡಿಸಿಎಸ್ ಮತ್ತು ಫಾರೆಸ್ಟ್ ರೂಟ್ ಡೊಮೇನ್ ಸೇರಿಸಿ ಎನ್‌ಎಸ್‌ಲುಕಪ್ ಮಾಡಿ. ಸಿಗಲಿಲ್ಲವಾ? ಡಿಸಿ1ರಲ್ಲಿ ನೆಟ್‌ಲಾಗನ್ ಸರ್ವಿಸ್ ರೀಸ್ಟಾರ್ಟ್ ಮಾಡಿ ಅಥವಾ 'ಎನ್‌ಎಲ್‌ಟೆಸ್ಟ್ /ಡಿಎಸ್‌ರೆಗ್‌ಡಿಎನ್‌ಎಸ್' ಕೊಡಿ, ಆ ರೆಕಾರ್ಡುಗಳನ್ನು ಬರೆಯುವುದು ನೆಟ್‌ಲಾಗನ್. 'ಐಪಿಕಾನ್ಫಿಗ್ /ರಿಜಿಸ್ಟರ್‌ಡಿಎನ್‌ಎಸ್' ಬರೀ ಹೆಸರು-ಐಪಿ ರೆಕಾರ್ಡ್ ಬರೆಯುತ್ತದೆ, ಸಿನೇಮ್ ಬರೆಯುವುದಿಲ್ಲ.

2088 ಇದಕ್ಕಿಂತ ಮೆತ್ತಗಿನದು. ಜಿಯುಐಡಿ ಸಿಗಲಿಲ್ಲ, ಬೇರೆ ಹೆಸರಿನಿಂದ ಹೇಗೋ ಕೆಲಸ ಆಯಿತು ಅಂತ. ಇವತ್ತು ಸರಿ ಮಾಡದಿದ್ದರೆ ಮುಂದೆ 2087 ಆಗಿ ಬರಬಹುದು.

ರೆಕಾರ್ಡ್ ಸರಿ ಇದ್ದು ಎರರ್ 1722 ಬಂದರೆ ಫೈರ್‌ವಾಲ್ ನೋಡಿ. 53, 88, 389, 445 ತೆರೆದು 135 ಕೂಡ ತೆರೆದು, 49152ರಿಂದ 65535ರವರೆಗಿನ ಆರ್‌ಪಿಸಿ ಪೋರ್ಟುಗಳನ್ನು ಮುಚ್ಚಿಟ್ಟಿರುತ್ತಾರೆ. ವಿಪಿಎನ್ ಬಾಕ್ಸ್ ಬದಲಾಯಿಸಿದ ಮರುದಿನ ಇದು ಸಾಮಾನ್ಯ.

ಬೆಂಗಳೂರಿನಲ್ಲಿ ಹೊಸ ರೆಕಾರ್ಡ್ ಹಾಕಿದೆ, ಹುಬ್ಬಳ್ಳಿಯಲ್ಲಿ ಗಂಟೆಗಟ್ಟಲೆ ಬರಲ್ಲ. ಎರರ್ ಕೂಡ ಇಲ್ಲ.

ಎರರ್ ಇಲ್ಲ, ಯಾಕೆಂದರೆ ತಪ್ಪೂ ಇಲ್ಲ. ಬ್ರಾಂಚನ್ನು ಬೇರೆ ಸೈಟ್ ಮಾಡಿದ್ದರೆ ಎರಡು ಸೈಟ್ ನಡುವಿನ ರೆಪ್ಲಿಕೇಶನ್ ಡೀಫಾಲ್ಟ್ ಆಗಿ 180 ನಿಮಿಷಕ್ಕೊಮ್ಮೆ. ಸೈಟ್ ಲಿಂಕಿನಲ್ಲಿ ಅದನ್ನು 15 ನಿಮಿಷಕ್ಕೆ ಇಳಿಸಬಹುದು, ಈಗಿನ ಲೈನುಗಳಿಗೆ ಅದೇನೂ ಭಾರ ಅಲ್ಲ. ಇದರ ಮೇಲೆ ಡಿಎನ್‌ಎಸ್ ಸರ್ವಿಸ್ ಡೈರೆಕ್ಟರಿಯನ್ನು ನೋಡುವುದು 180 ಸೆಕೆಂಡಿಗೊಮ್ಮೆ. ಅಂದರೆ ರೆಪ್ಲಿಕೇಶನ್ ಆಗಿಯೂ ಮೂರು ನಿಮಿಷ ಕಾಣದೇ ಇರಬಹುದು. ಅವಸರ ಇದ್ದರೆ 'ರೆಪ್‌ಅಡ್ಮಿನ್ /ಸಿಂಕ್‌ಆಲ್' ಕೊಟ್ಟು ಸ್ವಲ್ಪ ಕಾಯಿರಿ.

ಗಡಿಯಾರಕ್ಕೂ ಡಿಎನ್‌ಎಸ್‌ಗೂ ಏನು ಸಂಬಂಧ?

ಕೆರ್ಬೆರೋಸ್ 5 ನಿಮಿಷಕ್ಕಿಂತ ಜಾಸ್ತಿ ವ್ಯತ್ಯಾಸ ಸಹಿಸುವುದಿಲ್ಲ. ಅದು ಕೈಕೊಟ್ಟರೆ ರೆಪ್ಲಿಕೇಶನ್ ನಿಲ್ಲುತ್ತದೆ, ಹಿಂದೆಯೇ ಡಿಎನ್‌ಎಸ್ ದೂರು ಶುರು.

ನಮ್ಮ ಕಡೆ ಇದರದ್ದೊಂದು ವಿಶೇಷ ಇದೆ. ವಿಂಡೋಸ್ ಸರ್ವರ್ ಹೊಸದಾಗಿ ಹಾಕಿದಾಗ ಎಷ್ಟೋ ಸಲ ಟೈಮ್ ಝೋನ್ ಅಮೆರಿಕದ ಪೆಸಿಫಿಕ್ ಸಮಯದಲ್ಲೇ ಇರುತ್ತದೆ. ಯಾರೋ ಬಂದು ಟೈಮ್ ಝೋನ್ ಮುಟ್ಟದೆ, ಗೋಡೆ ಗಡಿಯಾರ ನೋಡಿ ಮುಳ್ಳು ಮಾತ್ರ ತಿರುಗಿಸಿ ಹೋಗುತ್ತಾರೆ. ಸ್ಕ್ರೀನ್ ಮೇಲೆ ಬೆಳಿಗ್ಗೆ 11, ಗೋಡೆ ಮೇಲೂ 11, ಎಲ್ಲರಿಗೂ ಖುಷಿ. ಆದರೆ ಕೆರ್ಬೆರೋಸ್ ನೋಡುವುದು ಯುಟಿಸಿ. ಆ ಲೆಕ್ಕದಲ್ಲಿ ಸರ್ವರ್ ಹದಿಮೂರೂವರೆ ಗಂಟೆ ಆಚೆ ಇದೆ, ಅಲ್ಲಿನ ಬೇಸಿಗೆಯಲ್ಲಾದರೆ ಹನ್ನೆರಡೂವರೆ. ಎರಡೂ ಸರ್ವರ್‌ನಲ್ಲಿ 'ಡಬ್ಲ್ಯು32ಟಿಎಂ /ಟಿಝಡ್' ಕೊಟ್ಟು ಟೈಮ್ ಝೋನ್ ಹೋಲಿಸಿ. ಡಿಸಿ2 ವರ್ಚುವಲ್ ಆಗಿದ್ದರೆ ಹೋಸ್ಟ್ ಮಷೀನ್ ಅದರ ಗಡಿಯಾರ ಎಳೆಯುತ್ತಿದೆಯಾ ಅಂತಲೂ ನೋಡಿ.

ಒಳಗಿನ ಹೆಸರೆಲ್ಲ ಸರಿ, ಇಂಟರ್‌ನೆಟ್ ಹೆಸರು ಮಾತ್ರ ಡಿಸಿ2ರಲ್ಲಿ ಸಿಗುತ್ತಿಲ್ಲ.

ಫಾರ್ವರ್ಡರ್ ನೋಡಿ. ಫಾರ್ವರ್ಡರ್ ಪಟ್ಟಿ ಪ್ರತಿ ಸರ್ವರ್‌ಗೂ ಬೇರೆ, ಅದು ರೆಪ್ಲಿಕೇಟ್ ಆಗುವುದಿಲ್ಲ. ಬ್ರಾಂಚಿನಲ್ಲಿ ಐಎಸ್‌ಪಿ ಬದಲಾಗಿ, ಡಿಸಿ2ರಲ್ಲಿ ಹಳೆಯ ಐಎಸ್‌ಪಿಯ ಡಿಎನ್‌ಎಸ್ ವಿಳಾಸ ಹಾಗೇ ಉಳಿದಿರುತ್ತದೆ. ಕೆಲವೇ ವೆಬ್‌ಸೈಟುಗಳು ಸಿಗದಿದ್ದರೆ ಫೈರ್‌ವಾಲ್‌ನಲ್ಲಿ 53ನೇ ಪೋರ್ಟ್ ಯುಡಿಪಿಗೆ ಮಾತ್ರ ತೆರೆದಿದೆಯಾ ನೋಡಿ. ದೊಡ್ಡ ಉತ್ತರಗಳಿಗೆ ಟಿಸಿಪಿ ಕೂಡ ಬೇಕು.

ಡಿಸಿ2ರ ಹಳೆಯ ಸ್ನ್ಯಾಪ್‌ಶಾಟ್ ಇದೆ. ಅದಕ್ಕೆ ವಾಪಸ್ ಹೋಗಲಾ?

ಬೇಡ. ಸರ್ವರ್ ಹಿಂದಿನ ಕಾಲಕ್ಕೆ ಹೋಗುತ್ತದೆ, ಆದರೆ ಡಿಸಿ1ರ ನೆನಪು ಹಿಂದೆ ಹೋಗುವುದಿಲ್ಲ. ಇವೆಂಟ್ 2095 ಬಂದು ನೆಟ್‌ಲಾಗನ್ 'ಪಾಝ್ಡ್', ಅಂದರೆ ತಾತ್ಕಾಲಿಕವಾಗಿ ತಡೆದ ಸ್ಥಿತಿಯಲ್ಲಿ ನಿಂತಿದ್ದರೆ ಆಗಲೇ ಆ ಅನಾಹುತ ಆಗಿದೆ ಅಂತ ಅರ್ಥ. ಸರ್ವರ್ 2012ರಿಂದ ವರ್ಚುವಲ್ ಮಷೀನ್‌ಗಳಿಗೆ ಜನರೇಶನ್ ಐಡಿ ಅನ್ನುವ ರಕ್ಷಣೆ ಬಂದಿದೆ, ಹೋಸ್ಟ್ ಕೂಡ ಅದನ್ನು ಬೆಂಬಲಿಸಿದರೆ ಅಪಾಯ ಕಡಿಮೆ. ಆದರೂ ಸ್ನ್ಯಾಪ್‌ಶಾಟನ್ನು ಬ್ಯಾಕಪ್ ಅಂತ ನಂಬಬೇಡಿ, ಸಿಸ್ಟಮ್ ಸ್ಟೇಟ್ ಬ್ಯಾಕಪ್ ಇಟ್ಟುಕೊಳ್ಳಿ.

ರಿಪೇರಿ ಬಿಟ್ಟು ಡಿಸಿ2ನ್ನು ಹೊಸದಾಗಿ ಕಟ್ಟುವುದು ಯಾವಾಗ?

ನನ್ನ ಅಭಿಪ್ರಾಯದಲ್ಲಿ ಜನ ಅಂದುಕೊಳ್ಳುವುದಕ್ಕಿಂತ ಬೇಗ. ಡಿಸಿ1 ಆರೋಗ್ಯವಾಗಿದ್ದು, ಡಿಸಿ2ರ ಬಳಿ ಯಾವ ಎಫ್‌ಎಸ್‌ಎಂಒ ಪಾತ್ರವೂ (ಒಂದು ಸಲಕ್ಕೆ ಒಂದೇ ಸರ್ವರ್ ಹೊರುವ ವಿಶೇಷ ಕೆಲಸ, ಪಿಡಿಸಿ ಎಮ್ಯುಲೇಟರ್ ಅವುಗಳಲ್ಲೊಂದು) ಇಲ್ಲದಿದ್ದರೆ ಅದನ್ನು ಕಳಚಿ ಮತ್ತೆ ಕಟ್ಟುವುದು ದೊಡ್ಡ ವಿಷಯ ಅಲ್ಲ. ಪಾತ್ರ ಯಾರ ಬಳಿ ಇದೆ ಅಂತ 'ನೆಟ್‌ಡಮ್ ಕ್ವೆರಿ ಎಫ್‌ಎಸ್‌ಎಂಒ' ಹೇಳುತ್ತದೆ. ಎರರ್ 8614 ಅಥವಾ ಇವೆಂಟ್ 2042 ಬಂದಿದ್ದರೆ ನಾನು ಯೋಚನೆಯನ್ನೇ ಮಾಡುವುದಿಲ್ಲ. ಅಂದರೆ ಟೂಂಬ್‌ಸ್ಟೋನ್ ಅವಧಿ (ಅಳಿಸಿದ್ದರ ಗುರುತನ್ನು ಡೈರೆಕ್ಟರಿ ಇಟ್ಟುಕೊಳ್ಳುವ ಕಾಲ) ದಾಟಿದೆ. ಈಗಿನ ಡೊಮೇನುಗಳಲ್ಲಿ ಅದು 180 ದಿನ, ತೀರಾ ಹಳೆಯವುಗಳಲ್ಲಿ 60. ಅಷ್ಟು ದಿನ ಮಾತಾಡದ ಸರ್ವರನ್ನು ಬಲವಂತವಾಗಿ ಸಿಂಕ್ ಮಾಡಿದರೆ ಯಾವತ್ತೋ ಅಳಿಸಿದ ಅಕೌಂಟುಗಳು ಎದ್ದು ಬರುತ್ತವೆ.

ಮಾಮೂಲಿ ಡಿಮೋಟ್ (ಡೊಮೇನ್ ಕಂಟ್ರೋಲರ್ ಪಾತ್ರ ಕಳಚುವುದು) ಆಗದಿದ್ದರೆ ಫೋರ್ಸ್ ರಿಮೂವಲ್ ಮಾಡಿ. ಆಮೇಲೆ ಡಿಸಿ1ರಲ್ಲಿ ಡಿಸಿ2ರ ಕಂಪ್ಯೂಟರ್ ಆಬ್ಜೆಕ್ಟ್ ಅಳಿಸಿ, ಮೆಟಾಡೇಟಾ ಅದರ ಜೊತೆಗೇ ಹೋಗುತ್ತದೆ. ಡಿಎನ್‌ಎಸ್ ಮಾತ್ರ ಪೂರ್ತಿ ಶುಚಿ ಆಗಿರುವುದಿಲ್ಲ. _ಎಂಎಸ್‌ಡಿಸಿಎಸ್ ಒಳಗಿನ ಫೋಲ್ಡರುಗಳನ್ನು ಒಂದೊಂದಾಗಿ ತೆಗೆದು ಹಳೆಯ ಎಸ್‌ಆರ್‌ವಿ ರೆಕಾರ್ಡ್ (ಯಾವ ಸರ್ವಿಸ್ ಯಾವ ಸರ್ವರ್‌ನಲ್ಲಿದೆ ಅಂತ ಹೇಳುವವು) ಅಳಿಸಿ, ಪ್ರತಿ ಝೋನಿನ ನೇಮ್ ಸರ್ವರ್ಸ್ ಟ್ಯಾಬ್ ಕೂಡ ನೋಡಿ. ಈ ಟ್ಯಾಬನ್ನು ಯಾರೂ ನೋಡುವುದಿಲ್ಲ.

ಎಲ್ಲ ಸರಿ ಹೋಯಿತು ಅಂತ ಹೇಗೆ ಗೊತ್ತಾಗುತ್ತದೆ?

ಡಿಸಿ2ರಲ್ಲಿ ಒಂದು ಟೆಸ್ಟ್ ರೆಕಾರ್ಡ್ ಹಾಕಿ, ಡಿಸಿ1ರಲ್ಲಿ ಬರುತ್ತದಾ ನೋಡಿ. ಡಿಸಿ1ರಲ್ಲಿ ಅದನ್ನು ಅಳಿಸಿ, ಡಿಸಿ2ರಿಂದ ಹೋಗುತ್ತದಾ ನೋಡಿ. ಎರಡು ದಿಕ್ಕೂ ನೋಡಲೇಬೇಕು, ಒಂದೇ ದಿಕ್ಕಿನಲ್ಲಿ ನಿಂತಿರುವುದು ತುಂಬಾ ಸಲ ಕಣ್ಣು ತಪ್ಪಿಸುತ್ತದೆ. 'ನೆಟ್ ಶೇರ್' ಕೊಟ್ಟರೆ ಡಿಸಿ2ರಲ್ಲಿ ಸಿಸ್‌ವಾಲ್, ನೆಟ್‌ಲಾಗನ್ ಎರಡೂ ಕಾಣಬೇಕು, ಇಲ್ಲದಿದ್ದರೆ ಅದು ತನ್ನನ್ನು ಡೊಮೇನ್ ಕಂಟ್ರೋಲರ್ ಅಂತ ಜಾಹೀರು ಮಾಡಿಕೊಳ್ಳುವುದಿಲ್ಲ. ಕೊನೆಗೆ ಬ್ರಾಂಚಿನವರು ಮನೆಗೆ ಹೋದ ಮೇಲೆ ಡಿಸಿ2ನ್ನು ಒಮ್ಮೆ ರೀಸ್ಟಾರ್ಟ್ ಮಾಡಿ. ಲಾಗಿನಲ್ಲಿ ಒಂದು 4013 ಬಂದು ಹಿಂದೆಯೇ 4 ಬಂದರೆ ನೀವೂ ಮನೆಗೆ ಹೋಗಬಹುದು.